ಹರಗೋಲು ಹತ್ತಿದ ಕುದುರೆ

ಹಳಗನ್ನಡ ಕಾವ್ಯ ಓದುವಾಗ ನನಗೊಂದು ಕೆಟ್ಟ ಅಭ್ಯಾಸವಿದೆ. ಪೆನ್ಸಿಲು ಹಿಡಿದೇ ಕೂರುತ್ತೇನೆ. ರಾಜ ಬಂದರೆ ಸುಮ್ಮನೆ ಬಿಡುತ್ತೇನೆ, ರಾಣಿ ಬಂದರೂ ಬಿಡುತ್ತೇನೆ. ಅವರ ಹಿಂದೆ ಕೊಡೆ ಹಿಡಿದವನು ಬಂದರೆ ಮಾತ್ರ ಗೆರೆ ಎಳೆಯುತ್ತೇನೆ. ಅಡಿಗೆಯವನು, ಮಾವುತ, ಕುದುರೆಗೆ ಹುಲ್ಲು ಹಾಕುವವನು, ಸೈನ್ಯದ ಹಿಂದೆ ಬುತ್ತಿ ಹೊತ್ತು ನಡೆಯುವ ಹೆಂಗಸು, ಎಲ್ಲರ ಕೆಳಗೂ ಗೆರೆ. ನನ್ನ ಪುಸ್ತಕ ಎರವಲು ಒಯ್ದಿದ್ದ ಸ್ನೇಹಿತರೊಬ್ಬರು ತಿರುಗಿ ಕೊಡುವಾಗ, ಇದು ಕಾವ್ಯವೋ ಆಳುಮಕ್ಕಳ ಹಾಜರಿ ಪುಸ್ತಕವೋ ಎಂದು ಕೇಳಿದರು.

ಕೇಳಲಿ. ನನ್ನ ವಾದ ಇಷ್ಟೇ. ಸಾವಿರ ವರ್ಷದ ಹಿಂದಿನ ಯುದ್ಧದಲ್ಲಿ ಇಂತಿಷ್ಟು ಲಕ್ಷ ಜನ ಸತ್ತರು ಎಂದು ಕವಿ ಬರೆದರೆ ನಾನು ನಂಬುವುದಿಲ್ಲ. ಆನೆಗೆ ಮೈ ತೊಳೆಯುವಾಗ ಯಾವ ಕಲ್ಲಿನಿಂದ ಉಜ್ಜಿದರು ಎಂದು ಬರೆದರೆ ನಂಬುತ್ತೇನೆ. ಸುಳ್ಳು ಹೇಳಬೇಕೆಂದು ಕೂತವನು ಲಕ್ಷಗಳಲ್ಲಿ ಹೇಳುತ್ತಾನೆ. ಉಜ್ಜುವ ಕಲ್ಲಿನ ವಿಷಯದಲ್ಲಿ ಸುಳ್ಳು ಹೇಳಿ ಅವನಿಗೇನು ಆಗಬೇಕು? ಆ ಕಾಲದ ಜನ ಹೇಗೆ ಬದುಕಿದರು ಎಂದು ತಿಳಿಯಬೇಕಾದರೆ ಕವಿ ಮೈಮರೆತು ಹೇಳಿದ ಮಾತುಗಳನ್ನು ಹಿಡಿಯಬೇಕು, ಮೈತುಂಬ ಎಚ್ಚರವಾಗಿದ್ದು ಹೇಳಿದ್ದನ್ನಲ್ಲ.

ಈ ಚಾಳಿ ಚಿಕ್ಕಂದಿನದು. ನಾನು ಹುಟ್ಟಿದ್ದು ಕಂಪ್ಲಿಯಲ್ಲಿ. ನಮ್ಮಪ್ಪ ಭತ್ತದ ವ್ಯಾಪಾರಿ. ಸೋಮವಾರ ಸಂಜೆ ನಮ್ಮ ಭತ್ತದ ಕೋಣೆಯಲ್ಲಿ ಚೀಲಗಳನ್ನು ಗೋಡೆಗೆ ಒತ್ತಿ ಜಾಗ ಮಾಡಿ, ಏಳೆಂಟು ಜನರನ್ನು ಕೂಡಿಸಿಕೊಂಡು ಅಪ್ಪ ಹಳೆಯ ಕಾವ್ಯ ಓದುತ್ತಿದ್ದರು. ಭತ್ತದ ಧೂಳಿಗೆ ಕೇಳುವವರೆಲ್ಲ ಸೀನುತ್ತಿದ್ದರು. ಎಷ್ಟೋ ಮಹಾವೀರರು ನಮ್ಮ ಕೋಣೆಯಲ್ಲಿ ಸೀನುಗಳ ನಡುವೆಯೇ ಪ್ರಾಣ ಬಿಟ್ಟರು. ಚೀಲದ ಮೇಲೆ ಮಲಗಿದ್ದ ನಾನು, ದಂಡಿನ ಆನೆ ರಾತ್ರಿಗೆ ಏನು ತಿನ್ನುತ್ತಿತ್ತು ಎಂದು ಕೇಳಿಬಿಡುತ್ತಿದ್ದೆ. ಅಪ್ಪನಿಗೆ ಸಿಟ್ಟು ಬರುತ್ತಿತ್ತು. ಒಮ್ಮೆ ಮಾತ್ರ ಪುಸ್ತಕ ಮಡಿಸಿ ಯೋಚಿಸಿದರು, ಕೇಳಲು ಬಂದಿದ್ದವರನ್ನೆಲ್ಲ ವಿಚಾರಿಸಿದರು, ಕೊನೆಗೆ ಯಾರಿಗೂ ಗೊತ್ತಿಲ್ಲವೆಂದು ಒಪ್ಪಿಕೊಂಡರು. ಅಂದಿನಿಂದ, ದೊಡ್ಡವರಿಗೂ ಗೊತ್ತಿಲ್ಲದ್ದು ಕಾವ್ಯದಲ್ಲಿ ಬೇಕಾದಷ್ಟಿದೆ ಎಂಬ ಧೈರ್ಯ ನನಗೆ ಬಂತು. ಆ ಧೈರ್ಯವೇ ಮುಂದೆ ನನ್ನನ್ನು ಪರೀಕ್ಷೆಯಲ್ಲಿ ಕೆಡವಿತು.

ಆಗ ನಮ್ಮದು ಮದರಾಸಿನ ಸರ್ಕಾರ. ನಾನು ಹೊಸಪೇಟೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರಾಗಿದ್ದೆ; ಊರಂಚಿನ ಚಿತ್ತವಾಡ್ಗಿಯಲ್ಲಿ ಮನೆ. ಕನ್ನಡ ಪಂಡಿತ ಪರೀಕ್ಷೆ ಪಾಸಾದರೆ ಹೈಸ್ಕೂಲಿಗೆ ಹೋಗಬಹುದಿತ್ತು. ಮೂರು ವರ್ಷ ಓದಿದೆ. ಬರೆಯುವ ಪತ್ರಿಕೆಗಳು ಚೆನ್ನಾಗಿಯೇ ಆದವು. ಬಾಯಿಪರೀಕ್ಷೆ ಬಳ್ಳಾರಿಯಲ್ಲಿತ್ತು.

ಪರೀಕ್ಷಕರು ಸಮುದ್ರದ ಕಡೆಯವರು, ಕುಂದಾಪುರದ ಹತ್ತಿರದ ಒಬ್ಬ ಹಿರಿಯ ಪಂಡಿತರು. ಭಟ್ಟರು ಎಂದಿಟ್ಟುಕೊಳ್ಳೋಣ. ಬಿಳಿಯ ಕಚ್ಚೆ, ಹೆಗಲ ಮೇಲೆ ರೇಷ್ಮೆಯ ಶಲ್ಯ, ಮೂಗಿನ ತುದಿಗೆ ಇಳಿದ ಕನ್ನಡಕ. ಅವರು ನನ್ನ ಮುಂದೆ ಹಳೆಯ ಚಂಪೂ ಒಂದರ ಪದ್ಯ ಇಟ್ಟರು. ಆ ಚಂಪುವಿನ ಹೆಸರು ಹೇಳಿದರೆ ಅದರ ಅಭಿಮಾನಿಗಳು ನನ್ನ ಮನೆಗೆ ಬಂದಾರು, ಬೇಡ. ಪದ್ಯದಲ್ಲಿ ಅರಸನ ದಂಡು ತುಂಬಿದ ಹೊಳೆ ದಾಟುತ್ತದೆ. ಕುದುರೆಗಳು ಹರಗೋಲಿನಲ್ಲಿ ನಿಂತು ದಾಟುತ್ತವೆ. ಯಾವ ಅಲಂಕಾರ ಎಂದು ಭಟ್ಟರು ಕೇಳಿದರು. ಅವರಿಗೆ ಬೇಕಾಗಿದ್ದದ್ದು ಅತಿಶಯೋಕ್ತಿ. ನಡೆಯಲಾರದ್ದನ್ನು ನಡೆಯಿತೆಂದು ಹೇಳಿದರೆ ಅತಿಶಯೋಕ್ತಿಯೇ ತಾನೆ. ನಾನು ಸ್ವಭಾವೋಕ್ತಿ ಎಂದೆ. ಇದ್ದದ್ದನ್ನು ಇದ್ದಹಾಗೆ ಹೇಳುವುದು ಸ್ವಭಾವೋಕ್ತಿ.

ಭಟ್ಟರು ಕನ್ನಡಕ ಮೇಲಕ್ಕೆ ತಳ್ಳಿ ನನ್ನನ್ನು ನೋಡಿದರು. "ಹರಗೋಲು ಅಂದರೆ ಬುಟ್ಟಿ ಅಲ್ಲವೋ? ಬುಟ್ಟಿಯಲ್ಲಿ ಕುದುರೆ ನಿಂತೀತೋ?"

ಅವರ ಕಡೆ ದೋಣಿಗೆ ಮೂತಿಯುಂಟು, ಬಾಲವುಂಟು. ನಮ್ಮ ಹರಗೋಲು ದುಂಡಗಿನದು. ಬಿದಿರು ಹೆಣೆದು ಹೊರಗೆ ಚರ್ಮ ಹೊಲಿದದ್ದು. ಅದಕ್ಕೆ ಮುಂದೂ ಇಲ್ಲ ಹಿಂದೂ ಇಲ್ಲ. ಕಂಪ್ಲಿಯಲ್ಲಿ ಗಾಡಿ, ಎತ್ತು, ಬಾಳೆಗೊನೆ, ಮದುವೆಯ ದಿಬ್ಬಣ ಎಲ್ಲವೂ ಅದರಲ್ಲೇ ದಾಟುತ್ತವೆ ಎಂದು ನಾನು ವಿವರಿಸಿದೆ. ಕುದುರೆ ದಾಟಿದ್ದನ್ನು ಕಣ್ಣಾರೆ ನೋಡಿದ್ದೀರೋ ಎಂದರು. ಎತ್ತನ್ನು ನೋಡಿದ್ದೇನೆ ಎಂದೆ.

"ಹಾಗಾದರೆ ಎತ್ತಿನ ಪದ್ಯ ಬಂದಾಗ ಬನ್ನಿ" ಎಂದರು ಭಟ್ಟರು.

ನಪಾಸಾದೆ. ಮೂರನೆಯ ದಿನ ನನ್ನ ಹೆಂಡತಿ ಪಾರ್ವತಿ ರೊಟ್ಟಿ ಬಡಿಯುತ್ತ, ಅವರು ಕೇಳಿದ ಹೆಸರನ್ನೇ ಹೇಳಿಬಿಟ್ಟಿದ್ದರೆ ಆ ಕುದುರೆಗೆ ಏನು ನಷ್ಟವಾಗುತ್ತಿತ್ತು ಎಂದು ಕೇಳಿದಳು. ಆದರೆ ಮಾತು ಬಿಡುವ ಜಾತಿ ನನ್ನದಲ್ಲ. ಭಟ್ಟರಿಗೆ ಕಾಗದ ಬರೆದೆ. ಉತ್ತರ ಬರಲಿಲ್ಲ. ಇನ್ನೊಂದು ಬರೆದೆ. ಮೂರನೆಯದರಲ್ಲಿ ಕೊಂಚ ಜೋರಾಗಿಯೇ, ಸಮುದ್ರ ನೋಡಿದವರಿಗೆ ಹೊಳೆ ಗೊತ್ತಿರಬೇಕೆಂದೇನೂ ಇಲ್ಲ ಎಂದು ಬರೆದೆ. ಅಂಚೆಗೆ ಹಾಕಿದ ಮೇಲೆ ಕೈ ಕಚ್ಚಿಕೊಂಡೆ. ಹದಿನೈದು ದಿನಕ್ಕೆ ಉತ್ತರ ಬಂತು. ದಸರೆ ಕಳೆದ ಮೇಲೆ ಹಂಪಿ ನೋಡಲು ಬರುವವನಿದ್ದೇನೆ, ಹೊಳೆಯನ್ನೂ ತೋರಿಸಿ, ಕುದುರೆಯನ್ನೂ ತೋರಿಸಿ ಎಂದು ಎರಡೇ ಸಾಲು.

ಹೊಳೆ ಇತ್ತು. ಕುದುರೆ ಎಲ್ಲಿಂದ ತರುವುದು? ಸಂಡೂರು ಅರಸರ ಊರು, ಅಲ್ಲಿ ಕುದುರೆಗೆ ಬರವಿಲ್ಲ. ಅಲ್ಲಿ ಗುಮಾಸ್ತನಾಗಿದ್ದ ಭಾವಮೈದುನನ ಹತ್ತಿರ ಹೋಗಿ ಕೇಳಿದೆ. ಪದ್ಯದ ಅರ್ಥ ನೋಡುವುದಕ್ಕೆ ಒಂದು ಕುದುರೆ ಕೊಡಿ ಎಂದು ಅರ್ಜಿ ಬರೆದರೆ ತನ್ನನ್ನು ಮೊದಲು ಕೆಲಸದಿಂದ, ಆಮೇಲೆ ಊರಿನಿಂದ ತೆಗೆದುಹಾಕುತ್ತಾರೆ ಎಂದು ಅವನು ಹೇಳಿದ. ಕೊನೆಗೆ ನಮ್ಮ ಓಣಿಯ ಜಟಕಾದ ಹುಸೇನಸಾಬನನ್ನು ಹಿಡಿದೆ. ಅವನ ಕುದುರೆ ಮೋತಿ. ಕಂದು ಬಣ್ಣದ, ವಯಸ್ಸಾದ, ಸಾಧು ಪ್ರಾಣಿ. ಹೊಸಪೇಟೆಯಿಂದ ಕಂಪ್ಲಿಗೆ ಬಾಡಿಗೆ ಎಂದಷ್ಟೇ ಹೇಳಿದೆ. ಕಂಪ್ಲಿಯಿಂದ ಮುಂದಿನ ವಿಷಯ ಹೇಳಲಿಲ್ಲ. ಅದು ನನ್ನ ತಪ್ಪು, ಇಂದಿಗೂ ಒಪ್ಪುತ್ತೇನೆ.

ಭಟ್ಟರು ಬಂದರು. ಊಟ, ವಸತಿ ಹೊಸಪೇಟೆಯ ವೈಷ್ಣವರೊಬ್ಬರ ಮನೆಯಲ್ಲಿ. ತಿರುಗಾಟ ನನ್ನ ಜೊತೆ. ಎರಡು ದಿನ ಹಂಪಿ ಸುತ್ತಿದೆವು. ಅಲ್ಲಿಯ ಗೋಡೆಗಳಲ್ಲಿ ಸಾಲುಸಾಲು ಕಲ್ಲಿನ ಕುದುರೆಗಳು, ಲಗಾಮು ಹಿಡಿದು ನಡೆಸುವ ಆಳುಗಳು. ನನಗೆ ಸಾಕ್ಷಿ ಸಿಕ್ಕಿತು ಅನ್ನಿಸಿತು. ಭಟ್ಟರು ತಲೆಯಾಡಿಸಿದರು. ನಮ್ಮ ಕವಿಗಿಂತ ಈ ಕಲ್ಲು ಐದು ನೂರು ವರ್ಷ ಚಿಕ್ಕದು, ಚಿಕ್ಕವರು ಹಿರಿಯರ ಪರವಾಗಿ ಸಾಕ್ಷಿ ಹೇಳಬಾರದು ಎಂದರು. ಹಾಗಾದರೆ ಕಂಪ್ಲಿಯ ಅಂಬಿಗ ಇನ್ನೂ ಚಿಕ್ಕವನಲ್ಲವೇ ಎಂದೆ. ಭಟ್ಟರು ನಕ್ಕರು. ಅಂಬಿಗ ಚಿಕ್ಕವನು, ಹೊಳೆ ಹಳೆಯದು, ಕುದುರೆಯ ಹೆದರಿಕೆಯೂ ಹಳೆಯದೇ ಎಂದರು. ಆ ಗಳಿಗೆಯಲ್ಲಿ, ನನ್ನನ್ನು ಕೆಡವಿದ ಮನುಷ್ಯ ದಡ್ಡನಲ್ಲ ಎಂದು ನನಗೆ ಮೊದಲ ಸಲ ಅನ್ನಿಸಿತು.

ಮೂರನೆಯ ದಿನ ಬೆಳಿಗ್ಗೆ ಹೊರಡುವ ಮೊದಲು ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಇಬ್ಬರೂ ಆ ಪದ್ಯವನ್ನು ಮತ್ತೊಮ್ಮೆ ಓದಿದೆವು. ಕುದುರೆಗಳ ಮೊಗದ ಮೇಲೆ ಪಟ್ಟೆವಸ್ತ್ರ ಇಳಿಬಿದ್ದಿತ್ತು, ಅಂತರಪಟದ ಹಿಂದೆ ನಿಂತ ಮದುವಣಿಗರಂತೆ ಅವು ಹೊಳೆಯ ನಡುವೆ ನಿಂತಿದ್ದವು ಎಂದು ಕವಿ ಹೇಳುತ್ತಾನೆ. ಅದು ಶೃಂಗಾರ, ಅರಸನ ಕುದುರೆಗೆ ರೇಷ್ಮೆಯ ಒಪ್ಪ ಎಂದು ಭಟ್ಟರು ಹೇಳಿದರು. ಹೌದು, ಚಂದಕ್ಕೆ ಕಟ್ಟಿದ್ದು ಎಂದು ನಾನೂ ಒಪ್ಪಿದೆ. ನಾವಿಬ್ಬರೂ ಜಗಳವಿಲ್ಲದೆ ಒಪ್ಪಿದ ಮಾತು ಅದೊಂದೇ. ಬಾಗಿಲಲ್ಲಿ ನಿಂತಿದ್ದ ಪಾರ್ವತಿಗೆ ಆಗ ನಾವು ಮಾಡಲು ಹೊರಟಿದ್ದು ತಿಳಿಯಿತು.

"ನೀವು ಬಿದ್ದಿದ್ದು ಸಾಲ್ದೇನ್ರೀ? ಆ ಬಡವನ ಕುದುರೀನೂ ನೀರಾಗ ಹಾಕ್ತೀರೇನು?" ಎಂದಳು.

ನಾನು ಕೇಳಿಸದವನಂತೆ ಜಟಕಾ ಹತ್ತಿದೆ.

ಕಮಲಾಪುರ ದಾಟಿ, ಬಾಳೆತೋಟಗಳ ನಡುವೆ, ಕಬ್ಬಿನ ಗದ್ದೆಗಳ ಪಕ್ಕದಲ್ಲಿ ಮಧ್ಯಾಹ್ನದ ಹೊತ್ತಿಗೆ ಕಂಪ್ಲಿ ತಲುಪಿದೆವು. ಭಟ್ಟರು ತಂದಿದ್ದ ಅವಲಕ್ಕಿ ತಿಂದು ಮಜ್ಜಿಗೆ ಕುಡಿದರು. ಹೊಳೆ ಕೆಂಪಗೆ, ದಡದ ಅರ್ಧಕ್ಕೆ ಇತ್ತು. ನಡುವೆ ಒಳ್ಳೆಯ ಸೆಳೆತ. ಆಚೆಯ ದಡ ನಿಜಾಮರದು. ಕಡವಿನಲ್ಲಿ ಅಂಬಿಗರ ದುರುಗಪ್ಪ ಗಾಡಿ ದಾಟಿಸುವ ದೊಡ್ಡ ಹರಗೋಲಿನ ಪಕ್ಕದಲ್ಲಿ ಕೂತು ಬೀಡಿ ಸೇದುತ್ತಿದ್ದ. ನನ್ನ ಅಪ್ಪನ ಭತ್ತವನ್ನೆಲ್ಲ ದಾಟಿಸಿದ ಮನುಷ್ಯ, ಅರವತ್ತು ದಾಟಿರಬೇಕು.

ಹುಸೇನಸಾಬನಿಗೆ ಅಲ್ಲೇ ವಿಷಯ ಹೇಳಿದೆ. ಅವನು ಸಿಟ್ಟು ಮಾಡಲಿಲ್ಲ, ಮಾಡಿದ್ದರೆ ಚೆನ್ನಾಗಿತ್ತು. ಮೋತಿಯ ಕುತ್ತಿಗೆಯ ಮೇಲೆ ಕೈಯಿಟ್ಟು ನೀರಿನ ಕಡೆ ನೋಡಿದ.

"ಮೇಷ್ಟ್ರೇ, ನೀವು ನನ್ನ ಮಕ್ಕಳಿಗೆ ಅಕ್ಷರ ಕಲ್ಸೀರಿ. ನಿಮಗ ಇಲ್ಲ ಅನ್ನಾಕ ಬಾಯಿ ಬರಂಗಿಲ್ಲ. ಆದ್ರ ಇದು ಹೋದ್ರ ನನ್ನ ಮನೀನ ಹೋತು" ಎಂದ.

ಭಟ್ಟರು ಅದನ್ನು ಕೇಳಿ, ಬೇಡ ಮಾರಾಯರೇ, ಹಿಂದೆ ಹೋಗುವ ಎಂದರು. ನಾನು ಅಲ್ಲಿಗೇ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ದಡದ ಹತ್ತಿರ ಸುಮ್ಮನೆ ಹತ್ತಿಸಿ ನಿಲ್ಲಿಸೋಣ, ನಿಂತರೆ ನನ್ನ ಮಾತು ನಿಜ, ಹೊಳೆಗೆ ಇಳಿಸುವುದೇ ಬೇಡ ಎಂದೆ. ದುರುಗಪ್ಪನಿಗೆ ಹರಗೋಲು ಹಿಡಿದುಕೋ ಎಂದು ಹೇಳಿ, ಲಗಾಮನ್ನು ನಾನೇ ಕೈಗೆ ತೆಗೆದುಕೊಂಡೆ. ಮೂರು ವರ್ಷ ಕಾವ್ಯ ಓದಿದವನಿಗೆ ಒಂದು ಕುದುರೆ ಹತ್ತಿಸುವುದೇನು ಮಹಾ.

ಮೋತಿ ಒಂದು ಕಾಲು ಒಳಗಿಟ್ಟಿತು. ಹರಗೋಲು ಅಲುಗಿತು. ಕೆಳಗೆ ನೀರು ಹರಿಯುವುದು ಅದರ ಕಣ್ಣಿಗೆ ಬಿತ್ತು. ಮುಂದೆ ಏನಾಯಿತೆಂದು ಹೇಳಲು ನನಗೆ ಹೆಚ್ಚು ತಿಳಿಯದು, ಏಕೆಂದರೆ ನಾನು ಆಗ ಕೆಸರಿನಲ್ಲಿ ಕೂತಿದ್ದೆ. ಪಂಚೆ, ಕೋಟು, ಜೇಬಿನಲ್ಲಿದ್ದ ಪದ್ಯದ ಪ್ರತಿ ಎಲ್ಲವೂ ಒದ್ದೆ. ಮೋತಿ ದಡದ ಮೇಲೆ ನಡುಗುತ್ತ ನಿಂತಿತ್ತು. ಹುಸೇನಸಾಬ ಅದರ ಕಾಲುಗಳನ್ನು ಒಂದೊಂದಾಗಿ ಸವರಿ ನೋಡುತ್ತಿದ್ದ. ಅದನ್ನು ನೋಡಿ ನನ್ನ ಕಾವ್ಯವೂ ಪರೀಕ್ಷೆಯೂ ಸಣ್ಣವಾಗಿ ಕಂಡವು. ಭಟ್ಟರು ನನ್ನ ಕೈ ಹಿಡಿದು ಎಬ್ಬಿಸಿದರು. ಹಂಗಿಸಲಿಲ್ಲ. ಕವಿಗಳು ಹಾಗೆಯೇ, ನಮ್ಮನ್ನು ಕೆಸರಿನವರೆಗೆ ಕರೆದುಕೊಂಡು ಬರುತ್ತಾರೆ ಎಂದಷ್ಟೇ ಹೇಳಿದರು.

ಆಗ ದುರುಗಪ್ಪ ಬೀಡಿ ಬಿಸಾಕಿ ಎದ್ದ. ಓದಿದವರು ಮಾಡುವಾಗ ನಡುವೆ ಬಾಯಿ ಹಾಕಬಾರದು ಎಂದು ಸುಮ್ಮನಿದ್ದನಂತೆ.

"ಕಣ್ಣಿಗೆ ಬಟ್ಟಿ ಕಟ್ಟದ ಕುದುರೀನ ಯಾರು ಹತ್ತಸ್ತಾರ್ರೀ?" ಎಂದ. "ನಮ್ಮಪ್ಪನ ಕಾಲದಾಗ ಆ ಕಡೆಯಿಂದ ಸವಾರ್ರು ಬರ್ತಿದ್ರು. ಹಿಂಗ ಮಾರಿ ಮ್ಯಾಲ ಬಟ್ಟಿ ಇಳಿಬಿಟ್ರ ಅದಕ್ಕ ಹೊಳಿ ಕಾಣಂಗಿಲ್ಲ. ಕಾಣದಿದ್ರ ಅಂಜಂಗಿಲ್ಲ. ಮದ್ಲಗಿತ್ತಿ ಹಂಗ ನಿಂದರತೈತಿ."

ನಾನು ಭಟ್ಟರ ಮುಖ ನೋಡಿದೆ. ಅವರು ನನ್ನ ಮುಖ ನೋಡುತ್ತಿದ್ದರು. ಬೆಳಿಗ್ಗೆ ಇಬ್ಬರೂ ಒಪ್ಪಿ ಒಪ್ಪವೆಂದು ದಾಟಿಬಿಟ್ಟಿದ್ದ ಪಟ್ಟೆವಸ್ತ್ರ ಅದು. ಭಟ್ಟರು ಅಲ್ಲಿದ್ದ ಕಲ್ಲಿನ ಮೇಲೆ ನಿಧಾನವಾಗಿ ಕೂತರು. ಏನೋ ಲೆಕ್ಕ ಹಾಕುವವರಂತೆ ತುಟಿ ಅಲ್ಲಾಡಿತು.

"ಮೂವತ್ತೊಂದು ವರ್ಷ" ಎಂದರು. "ಮೂವತ್ತೊಂದು ವರ್ಷ ಇದನ್ನು ಮಕ್ಕಳಿಗೆ ಶೃಂಗಾರ ಅಂತ ಪಾಠ ಹೇಳಿದ್ದೇನೆ."

ಮುಂದಿನದನ್ನು ಆರಂಭಿಸಿದವನು ನಾನಲ್ಲ, ಭಟ್ಟರೂ ಅಲ್ಲ, ಹುಸೇನಸಾಬ. ಮೋತಿಯ ಕಾಲು ನೆಟ್ಟಗಿರುವುದು ಖಾತ್ರಿಯಾದ ಮೇಲೆ ಅವನು ದುರುಗಪ್ಪನೊಂದಿಗೆ ಬಹಳ ಹೊತ್ತು ಮೆಲ್ಲಗೆ ಮಾತಾಡಿದ. ಹರಗೋಲಿನ ಅಂಚು ಮುಟ್ಟಿ ನೋಡಿದ, ಹೊಲಿಗೆ ನೋಡಿದ. ಆಮೇಲೆ ಬಂದು, ಈ ಮುದುಕ ಹತ್ತಿಸುವುದಾದರೆ ತಾನು ಕೊಡುತ್ತೇನೆ, ಆದರೆ ಮೇಷ್ಟ್ರು ಮಾತ್ರ ಲಗಾಮು ಮುಟ್ಟಬಾರದು ಎಂದು ಹೇಳಿದ. ನಾನು ಸಂತೋಷದಿಂದ ಒಪ್ಪಿದೆ.

ದುರುಗಪ್ಪ ಹರಗೋಲಿನ ತಳಕ್ಕೆ ಹಸಿ ಮರಳು ಸುರಿದು ಮೇಲೆ ಹುಲ್ಲು ಹರಡಿದ. ಗೊರಸು ಚರ್ಮಕ್ಕೆ ತಾಗಬಾರದಲ್ಲ. ನಂತರ ತನ್ನ ಟವಲು ಬಿಚ್ಚಿದ. ಭಟ್ಟರು ಎದ್ದು ಬಂದು ತಡೆದರು. ಹೆಗಲ ಮೇಲಿನ ರೇಷ್ಮೆ ಶಲ್ಯ ತೆಗೆದು ಅವನ ಕೈಗೆ ಕೊಟ್ಟರು. ಕವಿ ಹೇಳಿದ್ದು ರೇಷ್ಮೆಯನ್ನು, ಟವಲಿನಲ್ಲಿ ಪರೀಕ್ಷೆ ಮಾಡಿದರೆ ಪಾಠಾಂತರವಾದೀತು ಎಂದರು. ದುರುಗಪ್ಪನಿಗೆ ಅದೊಂದೂ ಅರ್ಥವಾಗಲಿಲ್ಲ. ಶಲ್ಯ ಭಾಳ ಛಲೋ ಐತಿ ಎಂದು ಮೆಚ್ಚಿ ಕಟ್ಟಿದ.

ಮೋತಿ ಹತ್ತಿತು. ಹುಸೇನಸಾಬ ಅದರ ಕಿವಿಯಲ್ಲಿ ಏನೋ ಹೇಳುತ್ತಲೇ ಇದ್ದ. ಮುಖದ ಮುಂದೆ ರೇಷ್ಮೆ ಇಳಿಬಿಟ್ಟು, ತಲೆ ಸ್ವಲ್ಪ ತಗ್ಗಿಸಿ, ಅದು ನಿಜಕ್ಕೂ ಮದುವೆಯ ಮಂಟಪದಲ್ಲಿ ನಿಂತ ಹಾಗೆ ನಿಂತಿತು. ದುರುಗಪ್ಪ ಹುಟ್ಟು ಹಾಕಿದ. ದಡದಲ್ಲೇ ನಿಲ್ಲಿಸಬೇಕೆಂಬ ಮಾತು ಯಾರಿಗೂ ನೆನಪಿರಲಿಲ್ಲ. ಹರಗೋಲು ಮೆಲ್ಲಗೆ ಸುತ್ತುತ್ತ ಹೊಳೆಯ ನಡುವಿಗೆ ಬಂತು. ಹೊಳೆದಂಡೆಯಲ್ಲಿ ಹುಟ್ಟಿದರೂ ಹರಗೋಲಿನಲ್ಲಿ ನನಗೆ ಚಿಕ್ಕಂದಿನಿಂದಲೂ ತಲೆ ತಿರುಗುತ್ತದೆ. ನಾನು ಅಂಚು ಹಿಡಿದು ಕಣ್ಣು ಮುಚ್ಚಿ ಕೂತೆ. ಭಟ್ಟರು ಇದನ್ನು ನೋಡಿ, ಇನ್ನೊಂದು ಶಲ್ಯ ತರಬೇಕಿತ್ತು ಎಂದರು. ಎಪ್ಪತ್ತು ಹತ್ತಿರವಾದ ಆ ಮನುಷ್ಯ ಬರಿಯ ಹೆಗಲಿನಲ್ಲಿ, ಕುದುರೆಯ ಪಕ್ಕ ನಿಂತು, ಪದ್ಯವನ್ನು ಮೊದಲಿಂದ ಕೊನೆಯವರೆಗೆ ಎತ್ತರದ ದನಿಯಲ್ಲಿ ಓದಿದರು. ಅಪ್ಪನ ಭತ್ತದ ಕೋಣೆಯಲ್ಲಿ ಎಷ್ಟೋ ಸಲ ಕೇಳಿದ್ದ ಪದ್ಯ, ಅಂದು ಯಾರೋ ಊರಿನವರು ನಿನ್ನೆ ಕಂಡದ್ದನ್ನು ಇಂದು ಬಂದು ಹೇಳುತ್ತಿದ್ದಂತೆ ಕೇಳಿಸಿತು.

ಹುಮ್ಮಸ್ಸು ತಡೆಯಲಾರದೆ ನಾನು ಇನ್ನೊಂದು ಹೇಳಿದೆ. ಹೊಳೆಯ ಮೇಲೆ ನೆಲವೇ ತೇಲಿ ಹೋದಂತಿತ್ತು ಎಂದು ಮುಂದಿನ ಪದ್ಯದಲ್ಲಿದೆಯಲ್ಲ, ಅದು ಈ ಮರಳೇ ಇರಬೇಕು. ಭಟ್ಟರು ತಳದ ಮರಳನ್ನು ನೋಡಿದರು, ನನ್ನನ್ನು ನೋಡಿದರು. ಅಷ್ಟು ದೂರ ಹೋಗುವುದು ಬೇಡ, ಒಂದಾದರೂ ಅಲಂಕಾರವನ್ನು ಕವಿಗೆ ಉಳಿಸೋಣ ಎಂದರು.

ಆಚೆಯ ದಡದಲ್ಲಿ ನಿಜಾಮರ ಸುಂಕದ ನಾಕಾದ ಜವಾನನೊಬ್ಬ ಇಳಿದು ಬಂದು, ಕುದುರೆ ಯಾಕೆ ತಂದಿರಿ, ಎಲ್ಲಿಗೆ ಎಂದು ಕೇಳಿದ. ಎಲ್ಲಿಗೂ ಇಲ್ಲ, ತಿರುಗಿ ಒಯ್ಯುವುದಕ್ಕೆ ತಂದದ್ದು ಎಂದ ಹುಸೇನಸಾಬ. ಜವಾನ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿ, ಕೆಸರು ಮೆತ್ತಿದ ನನ್ನ ಕೋಟಿನ ಮೇಲೆ ಸ್ವಲ್ಪ ಹೆಚ್ಚು ಹೊತ್ತು ಕಣ್ಣಿಟ್ಟು, ಜಲ್ದಿ ಹೋಗಿ ಎಂದು ಕೈ ಬೀಸಿದ.

ಹಿಂದಿರುಗುವ ದಾರಿಯಲ್ಲಿ ಹುಸೇನಸಾಬನ ಹತ್ತಿರ ತಪ್ಪಾಯಿತೆಂದು ಹೇಳಿಕೊಂಡೆ. ಮೋತಿ ಚೆನ್ನಾಗಿದೆ, ಬಿಡಿ ಎಂದ. ಆದರೆ ಮುಂದೆ ಎಷ್ಟೋ ವರ್ಷ ನಾನು ಜಟಕಾ ಕರೆದಾಗಲೆಲ್ಲ, ಎಲ್ಲಿಯವರೆಗೆ ಎಂದು ಎರಡೆರಡು ಸಲ ಕೇಳದೆ ಅವನು ಹತ್ತಿಸಿಕೊಳ್ಳಲಿಲ್ಲ.

ಮರುದಿನ ರೈಲು ಹತ್ತಿಸುವಾಗ ನಾನು ಪರೀಕ್ಷೆಯ ವಿಷಯ ಎತ್ತಲಿಲ್ಲ, ಭಟ್ಟರೇ ಎತ್ತಿದರು. ಅಂಕಪಟ್ಟಿ ಮದರಾಸಿಗೆ ಹೋಗಿಯಾಗಿದೆ, ಬದಲಿಸಲಾಗದು ಎಂದರು. ಬದಲಿಸುವ ಅಧಿಕಾರವಿದ್ದರೂ ಯೋಚಿಸುತ್ತಿದ್ದೆ, ಪಟ್ಟೆವಸ್ತ್ರಕ್ಕೆ ನೀವೂ ನನ್ನಷ್ಟೇ ತಪ್ಪು ಅರ್ಥ ಹೇಳಿದವರಲ್ಲವೋ ಎಂದೂ ಸೇರಿಸಿದರು. ಮರುವರ್ಷ ಮತ್ತೆ ಪರೀಕ್ಷೆಗೆ ಕೂತೆ. ಬೇರೆ ಪರೀಕ್ಷಕರು, ಬೇರೆ ಪದ್ಯ. ಅದರಲ್ಲಿ ಹೊಳೆಯೂ ಇರಲಿಲ್ಲ, ಕುದುರೆಯೂ ಇರಲಿಲ್ಲ. ಕೇಳಿದ್ದಕ್ಕೆ ಕೇಳಿದಷ್ಟು ಹೇಳಿ ಪಾಸಾದೆ, ಹೈಸ್ಕೂಲು ಸೇರಿದೆ. ಪಾರ್ವತಿ ಹೋಳಿಗೆ ಮಾಡಿದಳು. ಭಟ್ಟರು ಅದಾದ ಕೆಲವು ವರ್ಷಗಳಲ್ಲಿ ತೀರಿಕೊಂಡರೆಂದು ಯಾರೋ ಹೇಳಿ ತಿಳಿಯಿತು.

ಆಮೇಲೆ ಒಂದು ಬೇಸಿಗೆ, ಕನ್ನಡ ಪಂಡಿತರಿಗೆ ಬಳ್ಳಾರಿಯಲ್ಲಿ ತರಬೇತಿ ಇಟ್ಟಿದ್ದರು. ಮಧ್ಯಾಹ್ನದ ಬಿಸಿಲಿಗೆ ಹೊರಗೆ ಹೋಗಲಾಗದೆ ಬೇವಿನ ಮರದ ಕೆಳಗೆ ಕೂತು ಮಾತಾಡುತ್ತಿದ್ದೆವು. ಕೊಳ್ಳೇಗಾಲದ ಕಡೆಯ ಒಬ್ಬರು ಆ ಚಂಪುವನ್ನು ಪಾಠ ಮಾಡುವ ರೀತಿ ಹೇಳುತ್ತ, ಕುದುರೆಯ ಮೊಗದ ವಸ್ತ್ರ ಒಪ್ಪಕ್ಕಲ್ಲ, ಹೊಳೆ ಕಾಣದಿರಲಿ ಎಂದು ಕಟ್ಟಿದ್ದು ಎಂದರು. ನಿಮಗೆ ಹೇಗೆ ಗೊತ್ತು ಎಂದೆ. ತಾವು ಹಿಂದೆ ಭಟ್ಟರ ಶಿಷ್ಯರು, ಅವರು ಸಾಯುವ ಮುಂಚೆ ತಮಗೊಂದು ಕಾರ್ಡು ಬರೆದಿದ್ದರು ಎಂದರು. ತಮಗೊಬ್ಬರಿಗೇ ಅಲ್ಲವಂತೆ, ವಿಳಾಸ ಸಿಕ್ಕ ಹಳೆಯ ವಿದ್ಯಾರ್ಥಿಗಳಿಗೆಲ್ಲ, ಮಂಗಳೂರಿನಿಂದ ನೀಲಗಿರಿಯವರೆಗೆ, ಭಟ್ಟರು ಒಂದೊಂದು ಕಾರ್ಡು ಬರೆದಿದ್ದರಂತೆ.

ಅವರು ಅದನ್ನು ಪುಸ್ತಕದೊಳಗೆ ಇಟ್ಟುಕೊಂಡಿದ್ದರು, ತೆಗೆದು ಓದಿದರು. ಇಂಥ ಪದ್ಯಕ್ಕೆ ನಾನು ನಿಮಗೆ ಹೇಳಿದ ಅರ್ಥ ತಪ್ಪು, ಸರಿಯಾದದ್ದು ಹೀಗೆ, ನಿಮ್ಮ ಮಕ್ಕಳಿಗೆ ತಿದ್ದಿ ಹೇಳಿರಿ ಎಂದಿತ್ತು. ಕೆಳಗೆ ಇನ್ನೊಂದು ಸಾಲು: ಇದನ್ನು ನನಗೆ ಕಲಿಸಿದವರು ತುಂಗಭದ್ರೆಯ ಒಬ್ಬ ಅಂಬಿಗ, ಒಬ್ಬ ಜಟಕಾದವನು, ಮತ್ತು ನಾನು ನಪಾಸು ಮಾಡಿದ ಒಬ್ಬ ಅಭ್ಯರ್ಥಿ.

ಆ ನಪಾಸಾದವರು ಯಾರಿರಬಹುದು ಎಂದು ಕೊಳ್ಳೇಗಾಲದವರು ಕಾರ್ಡನ್ನು ಕೈಯಲ್ಲೇ ಹಿಡಿದು ಕೇಳಿದರು.

"ನಾನೇ" ಎಂದೆ. ಪಾಸಾದದ್ದನ್ನು ಯಾರಿಗೂ ಅಷ್ಟು ಜಂಬದಿಂದ ಹೇಳಿಕೊಂಡ ನೆನಪಿಲ್ಲ.